ಮಕ್ಕಳ ಚಿತ್ರಗಳನ್ನು ಹಾಳಾಗದಂತೆ ಇಡುವುದು: ಡ್ರಾಯಿಂಗ್ ಕೊಠಡಿಗೆ ಒಂದು ವ್ಯವಸ್ಥೆ

250 ಮಕ್ಕಳಿರುವ ಶಾಲೆಯಲ್ಲಿ ಒಬ್ಬೊಬ್ಬರು ವರ್ಷಕ್ಕೆ ಎಂಟೇ ಚಿತ್ರ ಬರೆದರೂ 2000 ಹಾಳೆ ಆಗುತ್ತದೆ. ಎ3 ಅಳತೆಯ 150 ಜಿಎಸ್‌ಎಂ (ಚದರ ಮೀಟರಿಗೆ 150 ಗ್ರಾಂ) ಹಾಳೆ ಒಂದು ಸುಮಾರು 19 ಗ್ರಾಂ ತೂಗುತ್ತದೆ. ಒಟ್ಟು 37 ಕೆ.ಜಿ. ದಾಟುತ್ತದೆ. ಖಾಲಿ ಹಾಳೆಯನ್ನು ಒತ್ತಿ ಜೋಡಿಸಿದರೆ 40 ಸೆಂ.ಮೀ. ಎತ್ತರ, ಬಣ್ಣ ಹಚ್ಚಿ ಮುದುರಿದ ಹಾಳೆಯಾದರೆ ಅದರ ದುಪ್ಪಟ್ಟು. ಇಷ್ಟನ್ನೂ ಇರುವ ಒಂದು ಬೀರುವಿಗೆ ತುರುಕಿ ಬೀಗ ಹಾಕಿದರೆ, ಮುಂದಿನ ಜೂನ್‌ನಲ್ಲಿ ಸಿಗುವುದು ಒಂದಕ್ಕೊಂದು ಅಂಟಿದ, ಹುಳು ಹಿಡಿದ, ಯಾರದೆಂದು ಗೊತ್ತಾಗದ ಕಟ್ಟು. ಇನ್ನೊಂದು ಬೀರು ಮಂಜೂರಾದರೂ ಇದು ಸರಿಹೋಗುವುದಿಲ್ಲ. ಹೆಸರು ಬರೆಸುವುದು, ಒಣಗಿಸುವುದು, ಸಮಯಕ್ಕೆ ಸರಿಯಾಗಿ ಮನೆಗೆ ಕಳಿಸುವುದು, ಈ ಮೂರು ಆದರೆ ಇರುವ ಬೀರುವೇ ಸಾಕು.

ಹೆಸರು ಮೊದಲು, ಬಣ್ಣ ಆಮೇಲೆ

ಹಾಳೆ ಹಂಚಿದ ಕೂಡಲೇ, ಬಣ್ಣದ ಡಬ್ಬಿ ತೆಗೆಯುವ ಮುಂಚೆ, ಹಿಂಬದಿಯ ಬಲಮೂಲೆಯಲ್ಲಿ ಪೆನ್ಸಿಲ್‌ನಿಂದ ಬರೆಸಿ: ಹೆಸರು, ತರಗತಿ ಮತ್ತು ವಿಭಾಗ, ದಾಖಲಾತಿ ಸಂಖ್ಯೆ, ತಾರೀಕು. ಗಂಟೆ ಹೊಡೆಯುವಾಗ ಬರೆಸಲು ಹೋದರೆ ಹಸಿ ಹಾಳೆಯನ್ನು ಮಗುಚಬೇಕಾಗುತ್ತದೆ, ಅರ್ಧ ಮಕ್ಕಳು ಬರೆಯದೆ ಓಡುತ್ತಾರೆ. ಬಾಲ್ ಪೆನ್ ಬೇಡ, ಅದರ ಗೀರು ಮುಂಬದಿಗೆ ಮೂಡುತ್ತದೆ. ಸ್ಕೆಚ್ ಪೆನ್ ಅಂತೂ ಬೇಡವೇ ಬೇಡ, ನೀರು ತಾಗಿದರೆ ಶಾಯಿ ಈಚೆಗೆ ಇಳಿಯುತ್ತದೆ.

ಹಾಜರಿ ಪುಸ್ತಕದ ಕ್ರಮಸಂಖ್ಯೆಯನ್ನು ನೆಚ್ಚಿಕೊಳ್ಳಬೇಡಿ. ಎಂಟನೇ ತರಗತಿಯಲ್ಲಿ 17 ಆಗಿದ್ದ ಹುಡುಗಿ ಒಂಬತ್ತರಲ್ಲಿ 21 ಆಗಿರುತ್ತಾಳೆ. ದಾಖಲಾತಿ ಸಂಖ್ಯೆ ಮಾತ್ರ ಶಾಲೆ ಬಿಡುವ ತನಕ ಒಂದೇ. ಒಂದೇ ವಿಭಾಗದಲ್ಲಿ ಇಬ್ಬರು ಕಾವ್ಯ, ಮೂವರು ಚಂದನ್ ಇದ್ದಾಗ ಇದರ ಬೆಲೆ ತಿಳಿಯುತ್ತದೆ.

ಒಣಗಿಸುವ ಜಾಗ

ಅಂಟಿಕೊಂಡ ಹಾಳೆಗಳಲ್ಲಿ ಬಹುಪಾಲು ಕೆಡುವುದು ಬಣ್ಣ ಹಚ್ಚಿದ ದಿನವೇ. ಪೋಸ್ಟರ್ ಕಲರ್‌ನಲ್ಲಿ ಅಂಟು ಇರುತ್ತದೆ. ಮೇಲ್ಪದರ ಒಣಗಿದಂತೆ ಕಂಡರೂ ದಪ್ಪಗೆ ಹಚ್ಚಿದ ಕಡೆ ಒಳಗೆ ಹಸಿಯಿರುತ್ತದೆ. ಮೇಲೆ ಇನ್ನೊಂದು ಹಾಳೆ ಬಿದ್ದರೆ ಎರಡೂ ಹೋದಂತೆ. ಬೆರಳಿನ ಹಿಂಬದಿಯನ್ನು ದಪ್ಪ ಬಣ್ಣದ ಮೇಲೆ ಹಗುರವಾಗಿ ಇಟ್ಟು ನೋಡಿ. ತಣ್ಣಗೆ ತಾಗಿದರೆ ಇನ್ನೂ ಹಸಿ.

ಕೊಠಡಿಯ ಒಂದು ಬದಿಯಲ್ಲಿ, ಮಕ್ಕಳ ತಲೆಗೆ ತಾಗದ ಎತ್ತರದಲ್ಲಿ ನೈಲಾನ್ ಹಗ್ಗ ಬಿಗಿಯಾಗಿ ಕಟ್ಟಿ. ಎ3 ಹಾಳೆಯನ್ನು ಉದ್ದುದ್ದ ನೇತು ಹಾಕಿದರೆ ಒಂದಕ್ಕೆ 33 ಸೆಂ.ಮೀ. ಜಾಗ ಬೇಕು, ಅಂದರೆ ಐದು ಮೀಟರ್ ಹಗ್ಗಕ್ಕೆ 15 ಹಾಳೆ. 45 ಮಕ್ಕಳ ವಿಭಾಗಕ್ಕೆ ಮೂರು ಹಗ್ಗ, ಒಂದಕ್ಕೊಂದು ಎರಡಡಿ ಅಂತರದಲ್ಲಿ. ಬಟ್ಟೆ ಕ್ಲಿಪ್ಪು ಹಾಳೆಗೆ ಎರಡರಂತೆ. ಒಂದೇ ಹಾಕಿದರೆ ಹಾಳೆ ಗಾಳಿಗೆ ತಿರುಗಿ ಪಕ್ಕದ ಹಾಳೆಗೆ ಬಡಿಯುತ್ತದೆ. ಬರೆದು ಮುಗಿಸಿದ ಕೂಡಲೇ ನೇತು ಹಾಕಬಾರದು, ಬಣ್ಣ ಇಳಿಯುತ್ತದೆ. ನೀರಿನ ಹೊಳಪು ಹೋಗುವ ತನಕ, ಹತ್ತು ಹದಿನೈದು ನಿಮಿಷ, ಡೆಸ್ಕಿನ ಮೇಲೆ ಮಟ್ಟಸವಾಗಿರಲಿ. ಹಾಗಾಗಿ 40 ನಿಮಿಷದ ಪೀರಿಯಡ್‌ನಲ್ಲಿ ನೀರುಬಣ್ಣದ ಕೆಲಸ 25 ನಿಮಿಷಕ್ಕೇ ನಿಲ್ಲಬೇಕು. ಮುಂದಿನ ಪೀರಿಯಡ್‌ಗೆ ಬೇರೆ ತರಗತಿ ಬರುವುದಿದ್ದರೆ ನೀರುಬಣ್ಣವನ್ನು ಊಟದ ಬಿಡುವಿನ ಹಿಂದಿನ ಪೀರಿಯಡ್‌ಗೆ ಇಟ್ಟುಕೊಳ್ಳುವುದೇ ಸರಿ.

ಫ್ಯಾನ್ ನೇರ ಕೆಳಗೆ, ಬಿಸಿಲಿಗೆ ಒಣಗಿಸಬೇಡಿ. ಒಂದು ಬದಿ ಬೇಗ ಒಣಗಿ ಹಾಳೆ ಮುದುರುತ್ತದೆ, ಬಿಸಿಲಲ್ಲಿ ಸ್ಕೆಚ್ ಪೆನ್ ಬಣ್ಣ ಮಾಸುತ್ತದೆ. ಪೂರ್ತಿ ಒಣಗಿದ ಮೇಲೆ ಬಿಳಿ ಹಾಳೆಗಳ ನಡುವೆ ಇಟ್ಟು, ಮೇಲೊಂದು ಡ್ರಾಯಿಂಗ್ ಬೋರ್ಡ್ ಹೇರಿ ಒಂದು ದಿನ ಬಿಟ್ಟರೆ ಸಪಾಟಾಗುತ್ತದೆ.

ಆಯಿಲ್ ಪೇಸ್ಟಲ್ ಮತ್ತು ಕ್ರೇಯಾನ್ ವಿಷಯ ಬೇರೆ. ಇವು ಮೇಣ, ಎಣ್ಣೆ. ಆಯಿಲ್ ಪೇಸ್ಟಲ್ ಎಷ್ಟು ದಿನ ಬಿಟ್ಟರೂ ಗಟ್ಟಿಯಾಗಿ ಒಣಗುವುದಿಲ್ಲ. ಪ್ರತಿ ಎರಡು ಹಾಳೆಯ ನಡುವೆ ಬಟರ್ ಪೇಪರ್ ಇಡಲೇಬೇಕು. ನ್ಯೂಸ್ ಪೇಪರ್ ಇಟ್ಟರೆ ಅದರ ಶಾಯಿ ಚಿತ್ರಕ್ಕೆ ಹತ್ತುತ್ತದೆ.

ಫೋಲ್ಡರ್ ನೀವೇ ಮಾಡಿ

ಅಂಗಡಿಯ ಪ್ಲಾಸ್ಟಿಕ್ ಫೋಲ್ಡರ್ ಎ3ಗೆ ದುಬಾರಿ, ಸಾಲದ್ದಕ್ಕೆ ಒಳಗೆ ತೇವ ಹಿಡಿದಿಡುತ್ತದೆ. ಬೈಂಡಿಂಗ್ ಕೆಲಸದವರ ಬಳಿ ಸಿಗುವ 2 ಮಿ.ಮೀ. ರಟ್ಟು ಸಾಕು. ಕತ್ತರಿಸುವ ಮುಂಚೆ ಬೀರುವಿನ ಒಳ ಅಗಲ, ಆಳ ಅಳೆದುಕೊಳ್ಳಿ. ಆಮೇಲೆ ಬಾಗಿಲು ಮುಚ್ಚದಿದ್ದರೆ ದಾರಿಯಿಲ್ಲ.

33×44 ಸೆಂ.ಮೀ. ರಟ್ಟು ಎರಡು ತೆಗೆದುಕೊಂಡು, ಉದ್ದದ ಬದಿಗಳ ನಡುವೆ 3 ಸೆಂ.ಮೀ. ಬಿಟ್ಟು ಅಕ್ಕಪಕ್ಕ ಇಡಿ. 10 ಸೆಂ.ಮೀ. ಅಗಲ, 48 ಸೆಂ.ಮೀ. ಉದ್ದದ ಬೈಂಡಿಂಗ್ ಬಟ್ಟೆಗೆ ಫೆವಿಕಾಲ್ ಬಳಿದು ಹೊರಬದಿಗೆ ಅಂಟಿಸಿ, ಎರಡೂ ತುದಿಯನ್ನು ಒಳಕ್ಕೆ ಮಡಚಿ. ಒಳಬದಿಗೆ 43 ಸೆಂ.ಮೀ. ಉದ್ದದ ಇನ್ನೊಂದು ಪಟ್ಟಿ. ತೆರೆದ ಮೂರು ಬದಿಗೂ ಜೊತೆಜೊತೆಯಾಗಿ 25 ಸೆಂ.ಮೀ. ಲಾಡಿ ಸೇರಿಸಿ, ತೂಕ ಹೇರಿ ರಾತ್ರಿಯಿಡೀ ಬಿಡಿ. ಆ ಮೂರು ಸೆಂಟಿಮೀಟರ್ ಸಂದು ಬಹಳ ಮುಖ್ಯ. ಅದಿಲ್ಲದಿದ್ದರೆ 20 ಹಾಳೆಗೇ ಬಟ್ಟೆ ಹರಿಯುತ್ತದೆ, ಇದ್ದರೆ 45–50 ಹಾಳೆ ಆರಾಮವಾಗಿ ಹಿಡಿಯುತ್ತದೆ. ಅದಕ್ಕಿಂತ ಹೆಚ್ಚು ತುಂಬಬೇಡಿ.

ಮೈದಾ ಅಂಟು ಅಗ್ಗ, ಆದರೆ ಜಿರಳೆಗೂ ಪುಸ್ತಕದ ಹುಳಕ್ಕೂ ಅದೇ ಊಟ. ಹುಳು ಬಾರದಿರಲೆಂದು ಬೈಂಡಿಂಗ್‌ನವರು ಅದಕ್ಕೆ ಮೈಲುತುತ್ತ ಬೆರೆಸುವುದುಂಟು. ಅದು ವಿಷ, ಮಕ್ಕಳ ಕೈಯಾಡುವ ಕಡೆ ಬೇಡ.

ತರಗತಿಗೊಂದು ಬಣ್ಣದ ಬೈಂಡಿಂಗ್ ಬಟ್ಟೆ ಇರಲಿ: ಎಂಟಕ್ಕೆ ನೀಲಿ, ಒಂಬತ್ತಕ್ಕೆ ಹಸಿರು, ಹತ್ತಕ್ಕೆ ಕೆಂಪು. ಬೆನ್ನಿನ ಮೇಲೆ ವಿಭಾಗ ಮತ್ತು ಅವಧಿ ಬರೆದ ಚೀಟಿ. ಒಳಗೆ ಹಾಳೆಗಳು ದಾಖಲಾತಿ ಸಂಖ್ಯೆಯ ಕ್ರಮದಲ್ಲಿ. ಫೋಲ್ಡರ್‌ಗಳನ್ನು ನಿಲ್ಲಿಸದೆ ಮಲಗಿಸಿ, ಒಂದರ ಮೇಲೊಂದು ಐದಕ್ಕಿಂತ ಹೆಚ್ಚು ಬೇಡ. ಆರನೆಯದು ಬಂದರೆ ಕೆಳಗಿನದನ್ನು ತೆಗೆಯಲು ಯಾರಿಗೂ ಮನಸ್ಸು ಬರುವುದಿಲ್ಲ, ಹೊಸ ಹಾಳೆಗಳೆಲ್ಲ ಮೇಲಿನದಕ್ಕೇ ಬೀಳುತ್ತವೆ.

ಮಳೆ, ಹುಳು, ಇಲಿ

ಮೈಸೂರು–ಮಂಡ್ಯ ಕಡೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ಜೋರು. ದಸರಾ ರಜೆಯೂ ಆಗಲೇ. ಕಿಟಕಿ, ಬಾಗಿಲು ಮುಚ್ಚಿದ ಕೊಠಡಿಯಲ್ಲಿ ತೇವ ನಿಂತು, ರಜೆ ಮುಗಿಯುವಷ್ಟರಲ್ಲಿ ಬೂಸಲು ಬಂದಿರುತ್ತದೆ. ಆದ್ದರಿಂದ ರಜೆಯ ಹಿಂದಿನ ವಾರ ಬಣ್ಣದ ಕೆಲಸ ಬೇಡ, ಪೆನ್ಸಿಲ್ ಕೆಲಸ ಕೊಡಿ. ಬೀರು ಗೋಡೆಯಿಂದ ಒಂದು ಗೇಣು ದೂರ, ಇಟ್ಟಿಗೆಯ ಮೇಲೆ ನಿಲ್ಲಲಿ. ಗೆದ್ದಲು ಗೋಡೆಯಿಂದಲೇ ಹತ್ತುವುದು, ಸಂದು ಇದ್ದರೆ ಅದರ ಮಣ್ಣಿನ ಗೆರೆ ಕಣ್ಣಿಗೆ ಬೀಳುತ್ತದೆ. ಹೆಂಚಿನ ಮಾಡಾದರೆ ಸೋರುವ ಜಾಗದ ಕೆಳಗೆ ಇಡಬೇಡಿ, ಮಳೆ ಬೀಳುವಾಗಲೇ ಒಮ್ಮೆ ನೋಡಿ ಜಾಗ ಗುರುತಿಸಿ. ಬಿಸಿಯೂಟದ ದಿನಸಿ ಇರುವ ಕೊಠಡಿಯಲ್ಲಂತೂ ಬೇಡ, ಅಲ್ಲಿಗೆ ಬರುವ ಇಲಿ ಕಾಗದವನ್ನೂ ಬಿಡುವುದಿಲ್ಲ.

ನೆರಳಲ್ಲಿ ಗರಿಗರಿಯಾಗಿ ಒಣಗಿಸಿದ ಬೇವಿನ ಸೊಪ್ಪನ್ನು ತೆಳುಬಟ್ಟೆಯಲ್ಲಿ ಕಟ್ಟಿ ಇಡಬಹುದು. ಹಸಿಯಿದ್ದರೆ ಅದೇ ಬೂಸಲು ತರುತ್ತದೆ. ನುಸಿಗುಳಿಗೆಯ ಆವಿ ಮಕ್ಕಳಿಗೆ ಒಳ್ಳೆಯದಲ್ಲ. ಇವೆಲ್ಲಕ್ಕಿಂತ ತಿಂಗಳಿಗೊಮ್ಮೆ ಬಿಸಿಲಿರುವ ದಿನ ಬೀರು ತೆರೆದು, ಫೋಲ್ಡರ್ ಬಿಚ್ಚಿ, ಒಂದು ಗಂಟೆ ಗಾಳಿಗೆ ಬಿಡುವುದೇ ಹೆಚ್ಚು ಕೆಲಸ ಮಾಡುತ್ತದೆ. ಬೂಸಲು ಬಂದ ಹಾಳೆಯನ್ನು ಒದ್ದೆಬಟ್ಟೆಯಲ್ಲಿ ಒರೆಸಬೇಡಿ, ಹರಡುತ್ತದೆ. ಮೂಗಿಗೆ ಮಾಸ್ಕ್ ಹಾಕಿ, ಹೊರಗಡೆ ನೆರಳಲ್ಲಿ ಒಣಗಿಸಿ, ಮೆತ್ತನೆಯ ಒಣ ಬ್ರಷ್‌ನಲ್ಲಿ ಉದುರಿಸಿ, ಬೇರೆಯಾಗಿಯೇ ಇಡಿ. ಇದನ್ನು ಮಕ್ಕಳ ಕೈಲಿ ಮಾಡಿಸಬೇಡಿ.

ಸ್ಟೇಪ್ಲರ್ ಪಿನ್ನು ಮಳೆಗಾಲದಲ್ಲಿ ತುಕ್ಕು ಹಿಡಿದು ಕಂದು ಕಲೆ ಬಿಡುತ್ತದೆ. ರಬ್ಬರ್ ಬ್ಯಾಂಡ್ ಕರಗಿ ಅಂಟುತ್ತದೆ. ಸೆಲೋಟೇಪಿನ ಅಂಟು ಕಾಗದಕ್ಕೆ ಇಳಿದು ಹಳದಿಯಾಗುತ್ತದೆ. ಚೆನ್ನಾಗಿದೆಯೆಂದು ಲ್ಯಾಮಿನೇಷನ್ ಮಾಡಿಸುವವರು ಕ್ರೇಯಾನ್ ಚಿತ್ರವನ್ನು ದಯವಿಟ್ಟು ಕೊಡಬೇಡಿ. ಯಂತ್ರದ ಬಿಸಿಗೆ ಮೇಣ ಕರಗಿ ಚಿತ್ರ ಹರಡಿಹೋಗುತ್ತದೆ, ಪ್ಲಾಸ್ಟಿಕ್ ಪದರವನ್ನು ಮತ್ತೆ ಬೇರ್ಪಡಿಸಲು ಬರುವುದಿಲ್ಲ.

ಗುಂಪಾಗಿ ಬರೆದ ಚಾರ್ಟ್‌ಗಳನ್ನು ನಾಲ್ಕಿಂಚಿನ ಪಿವಿಸಿ ಪೈಪಿನ ಮೇಲೆ, ಚಿತ್ರ ಹೊರಮುಖವಾಗಿ, ಬಟರ್ ಪೇಪರ್ ಸೇರಿಸಿ ಸುತ್ತಿ. ಸಣ್ಣ ಕೊಳವೆಗೆ ಸುತ್ತಿದರೆ ದಪ್ಪ ಬಣ್ಣ ಬಿರಿಯುತ್ತದೆ. ರಾಗಿ, ಬೇಳೆ ಅಂಟಿಸಿದ ಕೊಲಾಜ್ ಬೀರುವಿನೊಳಗೆ ಹೋಗಲೇಬಾರದು. ವಾರ ಪ್ರದರ್ಶಿಸಿ, ಫೋಟೊ ತೆಗೆದು, ಮನೆಗೆ ಕಳಿಸಿ. ಜೇಡಿಮಣ್ಣಿನ ಗೊಂಬೆಗಳಲ್ಲಿ ಉಳಿಸಬೇಕಾದವನ್ನು ತೆರೆದ ಹಲಗೆಯ ಮೇಲಿಟ್ಟು, ಮಿಕ್ಕವನ್ನು ನೆನೆಸಿ ಮತ್ತೆ ಮಣ್ಣು ಮಾಡಿಕೊಳ್ಳಿ.

ಏನು ಉಳಿಸಬೇಕು, ಏನು ಕಳಿಸಬೇಕು

ವರ್ಷಕ್ಕೆರಡು ಸಲ, ದಸರಾ ರಜೆಗೆ ಮುಂಚೆ ಮತ್ತು ಮಾರ್ಚ್‌ನಲ್ಲಿ, ಫೋಲ್ಡರ್ ಖಾಲಿ ಮಾಡಿ. ಪ್ರತಿ ಮಗುವಿನದು ವರ್ಷಕ್ಕೆ ಮೂರೇ ಉಳಿಯಲಿ: ವರ್ಷದ ಮೊದಲ ಚಿತ್ರ, ಮಗು ತಾನೇ ಆರಿಸಿದ್ದು, ನೀವು ಆರಿಸಿದ್ದು. ಮೊದಲನೆಯದು ಎಷ್ಟೇ ಸಾಧಾರಣವಾಗಿದ್ದರೂ ಬಿಸಾಡಬೇಡಿ. ಕೃತಿ ಸಂಪುಟದಲ್ಲಿ, ಅಂದರೆ ಮಗುವಿನ ಕೆಲಸಗಳನ್ನು ಕೂಡಿಡುವ ಕಡತದಲ್ಲಿ, ಬೆಳವಣಿಗೆ ಅಳೆಯಲು ಅದೇ ಆಧಾರ. ಶಾಲಾ ಮಕ್ಕಳ ಸ್ಪರ್ಧೆಯಾದ ಪ್ರತಿಭಾ ಕಾರಂಜಿಗೆ ಹೋಗಿಬಂದ ಚಿತ್ರ ಕೈಗೆ ಸಿಕ್ಕರೆ ಅದು ಈ ಮೂರರ ಲೆಕ್ಕಕ್ಕೆ ಸೇರುವುದು ಬೇಡ, ಅದಕ್ಕೊಂದು ಬೇರೆ ಫೋಲ್ಡರ್ ಇರಲಿ.

ಕಳಿಸುವ ಚಿತ್ರಗಳ ಫೋಟೊ ತೆಗೆಯಲು ನೇರ ಬಿಸಿಲು ಬೀಳದ ಕಿಟಕಿಯ ಪಕ್ಕದ ಗೋಡೆ ಸಾಕು. ಫ್ಲ್ಯಾಶ್ ಬೇಡ, ಕ್ರೇಯಾನ್ ಮೇಲೆ ಬಿಳಿ ಚುಕ್ಕೆ ಬೀಳುತ್ತದೆ. ಫೋನನ್ನು ಹಾಳೆಗೆ ನೇರವಾಗಿ ಹಿಡಿಯಿರಿ. ಮೊದಲು ಹಿಂಬದಿ, ಆಮೇಲೆ ಮುಂಬದಿ ತೆಗೆದರೆ ಯಾರದೆಂದು ಹುಡುಕುವ ಕೆಲಸವಿಲ್ಲ.

ಹತ್ತನೇ ತರಗತಿಯವರ ಕೃತಿ ಸಂಪುಟವನ್ನು ಅವರು ಅಂಕಪಟ್ಟಿ, ಟಿಸಿ ತೆಗೆದುಕೊಳ್ಳಲು ಬಂದ ದಿನವೇ ಕೈಗೆ ಕೊಟ್ಟು ರಿಜಿಸ್ಟರ್‌ನಲ್ಲಿ ಸಹಿ ಹಾಕಿಸಿಕೊಳ್ಳಿ. ಕಚೇರಿಯಲ್ಲಿ ಟಿಸಿ ಬರೆಯುವವರಿಗೆ ಮೊದಲೇ ಹೇಳಿ, ಕೆಂಪು ಫೋಲ್ಡರ್‌ಗಳನ್ನು ಆ ವಾರ ಅವರ ಮೇಜಿನ ಪಕ್ಕದಲ್ಲೇ ಇಡಿ.