ಕಾಫಿಪುಡಿಗೆ ಜಾಹೀರಾತು ಬರೆಯುವಾಗ ನಾನು ಪಾಲಿಸುವ ಕ್ರಮ

ಚಿಕ್ಕಮಗಳೂರು ಪೇಟೆಯ ಕಾಫಿಪುಡಿ ಅಂಗಡಿ ಬೋರ್ಡುಗಳಲ್ಲಿ 'ಶುದ್ಧ', 'ತಾಜಾ', 'ಘಮಘಮ' ಎಂದು ಎಲ್ಲರೂ ಬರೆಸುತ್ತಾರೆ. ಹಾಗಾಗಿ ಆ ಪದಗಳ ಮೇಲೆ ಯಾರ ಕಣ್ಣೂ ನಿಲ್ಲುವುದಿಲ್ಲ. ನಾನು ಅಂಗಡಿಯವರನ್ನು ಮೊದಲು ಕೇಳುವುದು ಇಷ್ಟೇ: ಬೀಜ ಯಾವುದು, ಅದಕ್ಕೆ ಬೆರೆಸಿದ ಚಿಕೋರಿ ಬೇರಿನ ಪುಡಿ ಎಷ್ಟು, ಹುರಿದದ್ದು ಯಾವತ್ತು? ಆ ಉತ್ತರಗಳೇ ಜಾಹೀರಾತು. 'ಅರೇಬಿಕಾ ಪೀಬೆರಿ, ಚಿಕೋರಿ ಇಲ್ಲ, ಸೋಮವಾರ ಹುರಿದದ್ದು' ಎಂದರೆ ಗಿರಾಕಿ ಪ್ಯಾಕೆಟ್ ತಿರುಗಿಸಿ ತಾಳೆ ನೋಡಿಕೊಳ್ಳುತ್ತಾರೆ, ನಂಬುತ್ತಾರೆ. (ಅರೇಬಿಕಾ ಕಾಫಿಯ ಒಂದು ಜಾತಿ; ಪೀಬೆರಿ ಎಂದರೆ ಹಣ್ಣಿನೊಳಗೆ ಒಂದೇ ಆಗಿ ಬೆಳೆದ ದುಂಡು ಬೀಜ.)

ಚಿಕೋರಿಯನ್ನು ಮುಚ್ಚಿಡಲೇಬಾರದು. ಮಿಶ್ರಣದಲ್ಲಿ ಕನಿಷ್ಠ ಶೇ. 51 ಕಾಫಿ ಇರಬೇಕು, ಪ್ರಮಾಣ ಪ್ಯಾಕೆಟ್ ಮೇಲೆ ಕಾಣಬೇಕು ಎಂಬುದು ಆಹಾರ ಸುರಕ್ಷತಾ ನಿಯಮ. ಹೇಗೂ ಹಾಕಬೇಕಾದ್ದನ್ನು ದೊಡ್ಡದಾಗಿ ಹಾಕಿಸಿ, ಪಕ್ಕದಲ್ಲೇ ಕಾರಣ ಬರೆಯುತ್ತೇನೆ: 'ಕಾಫಿ 80, ಚಿಕೋರಿ 20. ಗಟ್ಟಿ ಡಿಕಾಕ್ಷನ್, ಹಾಲು ಹೆಚ್ಚು ಹಾಕುವವರಿಗೆ.' ಕೊರತೆ ಎನಿಸುವುದನ್ನು ನಾವೇ ಮುಂದಾಗಿ ಹೇಳಿದರೆ ಉಳಿದ ಮಾತಿಗೂ ತೂಕ ಬರುತ್ತದೆ.

ಬೆಲೆಪಟ್ಟಿಯಲ್ಲಿ ದುಬಾರಿ ಪುಡಿ ಮೇಲೆ, ಅಗ್ಗದ್ದು ಕೆಳಗೆ. ಮೊದಲು ಕಂಡ ಬೆಲೆಯೊಂದಿಗೇ ಮಿಕ್ಕವನ್ನು ಹೋಲಿಸುವುದು ಮನಸ್ಸಿನ ರೂಢಿ. ನಡುವಿನ ಪುಡಿ ಆಗ ಹದವಾದ ಬೆಲೆಯದಾಗಿ ಕಾಣುತ್ತದೆ. ಆದರೆ ಮೇಲಿನದು ಡಬ್ಬದಲ್ಲಿ ನಿಜಕ್ಕೂ ಇರಬೇಕು. ಇಲ್ಲದ ಸರಕು ತೋರಿಸಿ ಕರೆಯುವುದು ಗಾಳ ಹಾಕಿದಂತೆ; ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿ ಇಂಥದ್ದಕ್ಕೆ ಕಡಿವಾಣ ಹಾಕಿದೆ. ಕನ್ನಡದಲ್ಲಿ ಆಫರ್ ಕೊಟ್ಟು ಷರತ್ತನ್ನು ಮೂಲೆಯಲ್ಲಿ ಸಣ್ಣ ಇಂಗ್ಲಿಷಿನಲ್ಲಿ ಹಾಕುವಂತೆಯೂ ಇಲ್ಲ: ಭಾಷೆಯೂ ಅಕ್ಷರವೂ ಒಂದೇ ಇರಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲದ ದಂಡವೇ 10 ಲಕ್ಷ ರೂಪಾಯಿವರೆಗೆ.

ಮುಳ್ಳಯ್ಯನಗಿರಿ ನೋಡಲು ಬಂದವರಿಗೆ ಊರಿನ ಹೆಸರೇ ಸೆಳೆತ. 'ಬಾಬಾಬುಡನ್‌ಗಿರಿ ಅರೇಬಿಕಾ'ಕ್ಕೆ 2019ರಲ್ಲಿ ಭೌಗೋಳಿಕ ಸೂಚಕ, ಅಂದರೆ ಆ ಪ್ರದೇಶದ ಸರಕಿಗಷ್ಟೇ ಆ ಹೆಸರು ಎಂಬ ಮಾನ್ಯತೆ, ಸಿಕ್ಕಿದೆ. ಬೀಜ ಅಲ್ಲಿಯದೇ ಆಗಿದ್ದರೆ ಮಾತ್ರ ಅದನ್ನು ಬರೆಯುತ್ತೇನೆ. ಸ್ಥಳೀಯರು ಹೆಸರಿಗೆ ಸೋಲುವುದಿಲ್ಲ, ಅವರಿಗೆ ಪ್ರಮಾಣ ಮತ್ತು ಬೆಲೆ ಸಾಕು.

ಫ್ಲೆಕ್ಸಿನಲ್ಲಿ ಆರೇಳು ಪದ ಮೀರಬಾರದು. 50 ಅಡಿ ದೂರದಿಂದ ಓದಬೇಕಾದರೆ ಅಕ್ಷರ 5 ಇಂಚು ಎತ್ತರ ಇರಲಿ. ಪ್ರಿಂಟಿಂಗ್‌ನವರು ಜಾಗ ಉಳಿಸಲು ಸಾಲುಗಳನ್ನು ಒತ್ತಿಬಿಡುತ್ತಾರೆ. ಆಗ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಗಲಿ ಎರಡೂ ಕೆಡುತ್ತವೆ. ಪ್ರಿಂಟಿಗೆ ಹೋಗುವ ಮುನ್ನ ಅದೊಂದನ್ನು ನೋಡಲೇಬೇಕು.

ಹಾಸನದಲ್ಲಿ ಪತ್ರಿಕೆಯೊಳಗಿಟ್ಟು ಹಂಚುವ ಕರಪತ್ರಕ್ಕೆ ತಿಂಗಳ ಮೊದಲ ವಾರ ಒಳ್ಳೆಯದು, ಸಂಬಳ ಆಗಿರುತ್ತದೆ. '50 ಗ್ರಾಂ ಉಚಿತ' ಚೀಟಿಯನ್ನು ಬಡಾವಣೆಗೊಂದು ಬಣ್ಣದಲ್ಲಿ ಅಚ್ಚು ಹಾಕಿಸಿ, ಕೊನೆಯ ದಿನಾಂಕವನ್ನೂ ನಮೂದಿಸುತ್ತೇನೆ. ವಾಪಸು ಬಂದ ಚೀಟಿಗಳನ್ನು ಬಣ್ಣವಾರು ಎಣಿಸಿದರೆ ಮುಂದಿನ ತಿಂಗಳು ಯಾವ ಬಡಾವಣೆ ಬಿಡಬೇಕೆಂಬುದು ಗೊತ್ತಾಗುತ್ತದೆ.