ಅಭಿಜಿನ್ ಮುಹೂರ್ತವೂ ಮಗಳ ನಿದ್ದೆಯೂ

ಕಳೆದ ಬೇಸಿಗೆಯಲ್ಲಿ ನಮ್ಮ ಮಗಳಿಗೆ ಒಂದು ವರ್ಷ ಎಂಟು ತಿಂಗಳು. ಉಡುಪಿಯಲ್ಲಿ ಮಾರ್ಚ್ ಕೊನೆಯಿಂದ ದೇವಸ್ಥಾನ, ದೈವಸ್ಥಾನಗಳ ಉತ್ಸವಗಳಿಗೆ ತೆರೆ ಬೀಳುವ ಪತ್ತನಾಜೆಯವರೆಗೆ, ಅಂದರೆ ಮೇ 24ರ ಸುಮಾರಿನವರೆಗೆ, ಮದುವೆ, ಉಪನಯನ, ಗೃಹಪ್ರವೇಶ, ದೇವಸ್ಥಾನದ ಬ್ರಹ್ಮಕಲಶ, ದೈವಗಳ ಕೋಲ, ಹರಕೆಯ ಆಟ ಅಂದರೆ ಯಕ್ಷಗಾನ, ಎಲ್ಲವೂ ಒಂದರ ಬೆನ್ನಿಗೆ ಒಂದು ಬರುತ್ತವೆ. ಆ ಎರಡು ತಿಂಗಳಲ್ಲಿ ನಮಗೆ ಬಂದ ಆಮಂತ್ರಣಗಳು 23. ನಾನೂ ಪತಿಯೂ ಕೆಲಸಕ್ಕೆ ಹೋಗುವವರು. ಹಗಲು ಮಗುವನ್ನು ನೋಡಿಕೊಳ್ಳುವವರು ಅತ್ತೆ.

ಏಪ್ರಿಲ್‌ನ ಒಂದೇ ವಾರದಲ್ಲಿ ಮೂರು ಮದುವೆಗಳಿಗೆ ಅವಳನ್ನು ಎತ್ತಿಕೊಂಡು ಹೋದೆವು. ನಮ್ಮ ಕಡೆ ಹೆಚ್ಚಿನ ಮದುವೆಗಳಿಗೆ ಮಧ್ಯಾಹ್ನದ ಅಭಿಜಿನ್ ಲಗ್ನವನ್ನೇ ಇಡುತ್ತಾರೆ. ಅವಳು ಮಲಗುವ ಹೊತ್ತೂ ಸರಿಯಾಗಿ ಅದೇ. ಧಾರೆ ಮುಗಿದು, ಊಟದ ಪಂಕ್ತಿ ಸಿಕ್ಕಿ, ಹೊರಡುವಾಗ ಎರಡೂವರೆ ಆಗುತ್ತಿತ್ತು. ಕಾರಿನಲ್ಲಿ ಕಣ್ಣು ಮುಚ್ಚಿದ ಮಗು ಮನೆಯ ಗೇಟು ತೆರೆಯುವ ಸದ್ದಿಗೆ ಎದ್ದರೆ ಆ ದಿನದ ನಿದ್ದೆ ಅಲ್ಲಿಗೆ ಮುಗಿಯುತ್ತಿತ್ತು, ಸಂಜೆಯವರೆಗೆ ಅಳು, ರಾತ್ರಿ ಹನ್ನೊಂದಾದರೂ ಎಚ್ಚರ. ಮೂರನೆಯ ಮದುವೆಯ ದಿನ ಕುತ್ತಿಗೆಯ ಸುತ್ತ ಬೆವರುಸಾಲೆ ಎದ್ದಿತ್ತು, ಊಟ ಬೇಡವಾಗಿತ್ತು, ಬೆಳಿಗ್ಗೆಯಿಂದ ಮೂತ್ರವೂ ಆಗಿರಲಿಲ್ಲ. ಮಕ್ಕಳ ವೈದ್ಯರು ಓಆರ್‌ಎಸ್ ಕುಡಿಸಲು ಹೇಳಿದರು. ಸೆಕೆಯಲ್ಲಿ ಮಗು ಎಷ್ಟು ಕುಡಿಯಿತು ಎಂಬುದಕ್ಕಿಂತ ಎಷ್ಟು ಸಲ ಮೂತ್ರ ಮಾಡಿತು ಎಂದು ಲೆಕ್ಕವಿಡಿ ಎಂದೂ ತಿಳಿಸಿದರು.

ಅಂದು ರಾತ್ರಿ ಒಂದು ನಿಯಮ ಮಾಡಿಕೊಂಡೆವು. ಹನ್ನೆರಡರಿಂದ ಎರಡೂವರೆಯವರೆಗೆ ಮಗು ಮನೆಯಲ್ಲೇ, ಹಿಂದಿನ ಕತ್ತಲೆ ಕೋಣೆಯಲ್ಲೇ ಮಲಗಬೇಕು. ಅದೊಂದನ್ನು ಬಿಟ್ಟು ಸ್ನಾನ, ಊಟ, ಆಟ ಎಲ್ಲವೂ ಹೇಗೆ ಬೇಕಾದರೂ ಹಿಂದೆಮುಂದೆ ಆಗಲಿ. ಈ ಪ್ರಾಯದ ಮಕ್ಕಳಿಗೆ ಹಗಲಿನದ್ದೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಹೇಳುತ್ತದೆ. ಆ ವಾರ ಅವಳಿಗೆ ಒಂಬತ್ತು ಗಂಟೆಯೂ ಸಿಕ್ಕಿರಲಿಲ್ಲ.

ನಂತರದ ಮದುವೆಗಳಿಗೆ ನಾವು ಬೆಳಿಗ್ಗೆ ಒಂಬತ್ತಕ್ಕೇ ಹೋಗಿ, ತಿಂಡಿ ತಿಂದು, ಮದುಮಗಳನ್ನು ಕಂಡು, ಹನ್ನೊಂದಕ್ಕೆ ನಮ್ಮಿಬ್ಬರಲ್ಲಿ ಒಬ್ಬರು ಮಗುವಿನೊಂದಿಗೆ ಮರಳುತ್ತಿದ್ದೆವು. ಇದು ಎಲ್ಲರಿಗೂ ಹಿಡಿಸಲಿಲ್ಲ. "ನಮ್ಮ ಮಕ್ಕಳೆಲ್ಲ ಚಪ್ಪರದಲ್ಲೇ ಬೆಳೆದದ್ದಲ್ವಾ?" ಎಂದು ಪತಿಯ ದೊಡ್ಡಮ್ಮ ನೇರವಾಗಿಯೇ ಕೇಳಿದರು. ಅವರ ಮಾತು ಸುಳ್ಳಲ್ಲ. ಆದರೆ ಆಗ ಚಪ್ಪರ ಹಾಕುತ್ತಿದ್ದದ್ದು ಮನೆಯಂಗಳದಲ್ಲಿ. ಒಳಗೆ ತಂಪು ನೆಲದ ಕೋಣೆಯಲ್ಲಿ ಮಗುವನ್ನು ಮಲಗಿಸಿ ಕಾಯಲು ಒಬ್ಬ ಅಜ್ಜಿ ಇರುತ್ತಿದ್ದರು. ಇಂದಿನ ಸಭಾಭವನದಲ್ಲಿ ಧ್ವನಿವರ್ಧಕವಿಲ್ಲದ ಮೂಲೆಯೇ ಇಲ್ಲ. ಅತ್ತೆ ಇದನ್ನು ನನಗಿಂತ ಚೆನ್ನಾಗಿ ವಿವರಿಸಿದ್ದರಿಂದ ದೊಡ್ಡಮ್ಮನ ಮುನಿಸು ಹೆಚ್ಚು ದಿನ ಉಳಿಯಲಿಲ್ಲ.

ಕೋಣೆಯ ವಿಚಾರದಲ್ಲಿ ಕಲಿತದ್ದು ಹೆಚ್ಚು. ಕರಾವಳಿಯ ಗಾಳಿಯಲ್ಲೇ ನೀರಿನ ಅಂಶ ತುಂಬಿರುವುದರಿಂದ ಬೆವರು ಹರಿಯುತ್ತದೆಯೇ ಹೊರತು ಆರುವುದಿಲ್ಲ, ಆರದೆ ಮೈ ತಂಪಾಗುವುದಿಲ್ಲ. ಹೀಗಾಗಿ ಹಾಸಿಗೆಯ ಮೇಲಿನ ಪ್ಲಾಸ್ಟಿಕ್ ಹಾಳೆ ತೆಗೆದು ಮಾವನವರ ಹಳೆಯ ಮುಂಡು ಹಾಸಿದೆವು, ಮಲಗಿಸುವ ಮೊದಲು ಒದ್ದೆ ಬೈರಾಸಿನಿಂದ ಮೈ ಒರೆಸಿ ಫ್ಯಾನಿನಡಿ ಬಿಟ್ಟೆವು, ಪೌಡರು ಹಾಕುವುದನ್ನು ಪೂರ್ತಿ ನಿಲ್ಲಿಸಿದೆವು. ಬೆವರುಸಾಲೆ ವಾರದೊಳಗೆ ಇಳಿಯಿತು.

ಮೇ ತಿಂಗಳಲ್ಲಿ ಇನ್ನೊಂದು ತೊಡಕು ಬಂತು. ನಮ್ಮ ಬಾವಿ ಬತ್ತಿತ್ತು. ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲಿ ನೀರು ಇಳಿದು ನಳ್ಳಿ ನೀರು ದಿನ ಬಿಟ್ಟು ದಿನ ಬರತೊಡಗಿದಾಗ ಮನೆಯ ಬಾಲ್ದಿ, ಡ್ರಮ್ಮುಗಳನ್ನೆಲ್ಲ ತುಂಬಿಸಿಟ್ಟೆವು. ಒಂದು ಸಂಜೆ ಮಗು ಬಾಲ್ದಿಯೊಳಗೆ ಬಗ್ಗಿ ಚೊಂಬು ಹುಡುಕುತ್ತಿದ್ದದ್ದನ್ನು ಅತ್ತೆ ಕಂಡು ಓಡಿ ಎತ್ತಿಕೊಂಡರು. ಈ ಪ್ರಾಯದಲ್ಲಿ ತಲೆಯೇ ಭಾರ. ಮುಗ್ಗರಿಸಿದರೆ ಮಗು ತಾನಾಗಿ ಮೇಲೇಳಲಾರದು, ಅರ್ಧ ಬಾಲ್ದಿ ನೀರೂ ಪ್ರಾಣಕ್ಕೆ ಸಾಕು. ಮರುದಿನವೇ ಬಚ್ಚಲಿನ ಬಾಗಿಲಿಗೆ ಅವಳ ಕೈಗೆಟುಕದ ಎತ್ತರದಲ್ಲಿ ಚಿಲಕ ಹಾಕಿಸಿ, ಡ್ರಮ್ಮುಗಳಿಗೆ ಬಿಗಿಯಾದ ಮುಚ್ಚಳ ತಂದೆವು. ಸೊಳ್ಳೆಗೂ ಅದೇ ಮದ್ದಾಯಿತು.

ಊಟದಲ್ಲಿ ಹೊಸತೇನೂ ಮಾಡಲಿಲ್ಲ: ಕುಚ್ಚಲಕ್ಕಿ ಗಂಜಿ, ತುಪ್ಪ, ನೀರು ಮಜ್ಜಿಗೆ, ಬೊಂಡ ಅಂದರೆ ಎಳನೀರು. ಕಾಟು ಮಾವಿನಹಣ್ಣನ್ನು ಅರ್ಧ ಗಂಟೆ ನೀರಿನಲ್ಲಿಟ್ಟು, ತೊಟ್ಟಿನ ಸೊನೆ ತೊಳೆದ ಮೇಲೆಯೇ ಕೊಡುತ್ತಿದ್ದೆವು; ಒಮ್ಮೆ ಮರೆತದ್ದಕ್ಕೆ ಅವಳ ತುಟಿಯ ಅಂಚು ಎರಡು ದಿನ ಉರಿದಿತ್ತು. ಹಲಸಿನ ತೊಳೆಯನ್ನು, ಅದರಲ್ಲೂ ನುಣ್ಣಗೆ ಜಾರುವ ತುಳುವೆಯನ್ನು, ಬೀಜ ತೆಗೆದು ಹಿಸುಕದೆ ಅವಳ ಕೈಗೆ ಕೊಡಲಿಲ್ಲ. ಹಪ್ಪಳ ಒಣಹಾಕಿದ್ದ ಚಾಪೆಯ ಮೇಲೆ ಅವಳು ನಡೆದದ್ದಕ್ಕೆ ಮಾತ್ರ ನಮ್ಮಲ್ಲಿ ನಿಯಮವಿರಲಿಲ್ಲ.

ರಾತ್ರಿಯ ಕಾರ್ಯಕ್ರಮಗಳಲ್ಲಿ ಒಂದಕ್ಕೆ ಮಾತ್ರ ಹೋದೆವು, ಬಂಧುಗಳ ಮನೆಯ ಹರಕೆಯ ಆಟಕ್ಕೆ. ವೇಷಧಾರಿಗಳು ಬಣ್ಣ ಹಚ್ಚುವ ಚೌಕಿಯಲ್ಲಿ ಪೂಜೆ ನೋಡಿ, ಚೆಂಡೆಯ ಸದ್ದಿಗೆ ಅವಳು ನನ್ನ ಹೆಗಲಿನಲ್ಲಿ ಮುಖ ಹುದುಗಿಸಿದೊಡನೆ ಹೊರಟೆವು.

ಜೂನ್‌ನಲ್ಲಿ ಮಳೆ ಹಿಡಿದು ಸೆಕೆ ಇಳಿದ ಮೇಲೆ ಅವಳ ನಿದ್ದೆ ತಾನಾಗಿಯೇ ಒಂದೂವರೆಗೆ ಜಾರಿತು. ಧಾರೆ ನೋಡಿ, ಮೊದಲ ಪಂಕ್ತಿಯಲ್ಲಿ ಉಂಡು ಬರಲು ಧಾರಾಳ ಸಮಯ. ಆ ಹೊತ್ತಿಗೆ ನಮ್ಮ ಬಂಧುಗಳಲ್ಲಿ ಮದುವೆಗಳೆಲ್ಲ ಮುಗಿದಿದ್ದವು.