ಮನೆಯ ಇಂಗಾಲದ ಲೆಕ್ಕ ಬರೆಯುವುದು ಹೀಗೆ, ಹೊಗೆ ನೋಡಿ ಅಲ್ಲ

ನಮ್ಮ ಕಡೆ ಯಾರನ್ನಾದರೂ "ನಿಮ್ಮ ಮನೆಯಿಂದ ಕಾರ್ಬನ್ ಡೈಆಕ್ಸೈಡ್ ಎಷ್ಟು ಹೋಗುತ್ತದೆ" ಅಂತ ಕೇಳಿ ನೋಡಿ. ಸೀದಾ ಬಚ್ಚಲ ಒಲೆ ಕಡೆ ಬೆರಳು ತೋರಿಸುತ್ತಾರೆ. ಹಂಡೆ ಕೆಳಗಿನ ಹೊಗೆ ಕಣ್ಣಿಗೆ ಕಾಣುತ್ತದಲ್ಲ, ಅದಕ್ಕೆ. ಅಂಗಳದಲ್ಲಿ ನಿಂತ ಕಾರು ಯಾರ ನೆನಪಿಗೂ ಬರುವುದಿಲ್ಲ. ಆದರೆ ಈ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಣ್ಣು ಉರಿಸುವ ಹೊಗೆ ಅಂದರೆ ಅರೆಬರೆ ಸುಟ್ಟ ಕಣಗಳು. ಎದೆಗೆ ಕೆಟ್ಟದ್ದು ಹೌದು, ಆದರೆ ಅದರ ಲೆಕ್ಕ ಬೇರೆ.

ಮೊದಲು ಒಂದು ನೋಟ್‌ಬುಕ್ ತಗೊಂಡು ಪೂರ್ತಿ ಒಂದು ವರ್ಷದ ಪೆಟ್ರೋಲ್, ಗ್ಯಾಸ್, ಕರೆಂಟ್ ಬಿಲ್ ಒಟ್ಟು ಹಾಕಿ. ಒಂದು ತಿಂಗಳದ್ದು ಸಾಲದು. ಮಳೆಗಾಲದ ಮನೆ ಬೇರೆ, ಅಡಿಕೆ ಕೊಯ್ಲಿನ ಮನೆ ಬೇರೆ.

ಆಮೇಲೆ ಗುಣಾಕಾರ, ಸುಟ್ಟದ್ದು ಎಷ್ಟೋ ಅದನ್ನು ಈ ಅಂಕಿಗಳಿಂದ ಗುಣಿಸಿ. ಪೆಟ್ರೋಲ್ ಲೀಟರಿಗೆ 2.3 ಕೆಜಿ ಕಾರ್ಬನ್ ಡೈಆಕ್ಸೈಡ್, ಡೀಸೆಲ್‌ಗೆ 2.7, ಅಡುಗೆ ಗ್ಯಾಸ್ ಒಂದು ಕೆಜಿಗೆ ಸುಮಾರು 3. ಅಂದರೆ 14.2 ಕೆಜಿಯ ಒಂದು ಸಿಲಿಂಡರ್‌ಗೆ ಹತ್ತಿರ ಹತ್ತಿರ 42 ಕೆಜಿ. ಇಲ್ಲೇ ಜನ ಪೆನ್ನು ಕೆಳಗಿಡುತ್ತಾರೆ. "ಲೀಟರ್ ಪೆಟ್ರೋಲ್ ತೂಗುವುದೇ ಮುಕ್ಕಾಲು ಕೆಜಿ, ಅದರಿಂದ ಎರಡು ಕಾಲು ಕೆಜಿ ಹೇಗ್ರೀ ಬರುತ್ತೆ?" ಅಂತ ನನ್ನ ಸ್ನೇಹಿತರೊಬ್ಬರು ಅಂಕಿಯನ್ನೇ ಹೊಡೆದು ಹಾಕಿದ್ದರು. ಉಳಿದ ತೂಕ ಗಾಳಿಯದ್ದು. ಉರಿಯುವಾಗ 12 ಪಾಲು ಇಂಗಾಲ 32 ಪಾಲು ಆಮ್ಲಜನಕವನ್ನು ಎಳೆದುಕೊಂಡು 44 ಪಾಲಾಗುತ್ತದೆ. ಇದೊಂದು ತಲೆಗೆ ಹೋದರೆ ಮುಂದಿನದ್ದು ಸುಲಭ.

ಮೂರನೆಯದು ಕರೆಂಟ್. "ನಮ್ಮದು ಶರಾವತಿ ಕರೆಂಟ್, ಸೊನ್ನೆ ಬರೀರಿ" ಅನ್ನುವವರು ಊರಿಗೆ ಹತ್ತು ಜನ ಸಿಗುತ್ತಾರೆ. ಜೋಗದ ವಿದ್ಯುದಾಗಾರ 1948ರಿಂದ ಇದೆ, ಲಿಂಗನಮಕ್ಕಿಯ ನೀರು ಕಣ್ಣೆದುರೇ ಇದೆ, ಹೆಮ್ಮೆ ಪಡೋಣ. ಆದರೆ ನಮ್ಮ ತಂತಿಗೆ ಬರುವುದು ಎಲ್ಲವೂ ಬೆರೆತ ಕರೆಂಟ್. ರಾಯಚೂರು, ಬಳ್ಳಾರಿಯ ಕಲ್ಲಿದ್ದಲೂ ಅದರಲ್ಲಿದೆ. ದೇಶದ ಸರಾಸರಿ ಹಿಡಿದು ಯೂನಿಟ್‌ಗೆ ಸುಮಾರು 0.7 ಕೆಜಿ ಬರೆದುಕೊಳ್ಳಿ.

ಈಗ ಸೌದೆ. ನಿಧಾನವಾಗಿ ಓದಿ, ನಾನು ನೋಡಿದ ಹತ್ತು ಲೆಕ್ಕದಲ್ಲಿ ಎಂಟು ಇಲ್ಲೇ ಹಾಳಾಗಿವೆ. ಒಣ ಸೌದೆಯ ಅರ್ಧ ತೂಕ ಇಂಗಾಲ, ಹಾಗಾಗಿ ಕೆಜಿಗೆ ಸುಮಾರು 1.8 ಕೆಜಿ ಕಾರ್ಬನ್ ಡೈಆಕ್ಸೈಡ್. ಮಳೆಯಲ್ಲಿ ನೆನೆದದ್ದನ್ನು ತೂಗಬೇಡಿ, ನೀರನ್ನೇ ತೂಗಿದ ಹಾಗಾಗುತ್ತದೆ. ಕೆಲವರು ಈ ಅಂಕಿಯನ್ನು ತಂದು ಪೆಟ್ರೋಲ್ ಕೆಳಗೇ ಕೂಡಿಸಿ ಗಾಬರಿಯಾಗುತ್ತಾರೆ. ಇನ್ನು ಕೆಲವರು ಮರ ಅಂದಮೇಲೆ ಪುಣ್ಯ ಅಂತ ಸೊನ್ನೆ ಹಾಕುತ್ತಾರೆ. ಎರಡೂ ತಪ್ಪು. ಅಡಿಕೆ ಸಿಪ್ಪೆ, ಸೋಗೆ, ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಕಾಡು) ಬಿದ್ದ ಒಣ ಕೊಂಬೆ, ಇವೆಲ್ಲ ಮೊನ್ನೆ ಮೊನ್ನೆ ಗಾಳಿಯಿಂದ ತೆಗೆದುಕೊಂಡ ಇಂಗಾಲ. ಸುಡದಿದ್ದರೂ ಕೊಳೆತು ಬಹುಪಾಲು ವಾಪಸ್ ಹೋಗುತ್ತಿತ್ತು, ಮುಂದಿನ ಚಿಗುರು ಮತ್ತೆ ಎಳೆದುಕೊಳ್ಳುತ್ತದೆ. ಇದಕ್ಕೆ "ತಿರುಗುವುದು" ಅಂತ ಬೇರೆ ಕಾಲಂ ಹಾಕಿ. ದುಡ್ಡು ಕೊಟ್ಟು ತರಿಸಿದ ಸೌದೆಯಾದರೆ ಆ ಮರದ ಜಾಗದಲ್ಲಿ ಈಗ ಏನಿದೆ ಅಂತ ಕೇಳಿ. ಮತ್ತೆ ಮರ ಬೆಳೆಯುತ್ತಿದ್ದರೆ ತಿರುಗುವುದು, ಸೈಟೋ ಶುಂಠಿ ಗದ್ದೆಯೋ ಆಗಿದ್ದರೆ "ಸೇರಿದ್ದು", ಅಂದರೆ ಪೆಟ್ರೋಲಿನ ಹಾಗೆ ಗಾಳಿಗೆ ಹೊಸದಾಗಿ ಸೇರಿದ್ದು. 1923ರಲ್ಲಿ ಭದ್ರಾವತಿ ಕಬ್ಬಿಣದ ಕಾರ್ಖಾನೆ ಶುರುವಾದಾಗ ಕುಲುಮೆಗೆ ಹೋಗುತ್ತಿದ್ದದ್ದು ನಮ್ಮ ಕಾಡಿನ ಇದ್ದಿಲು. ಮರದ್ದು ಅಂದ ಮಾತ್ರಕ್ಕೆ ಅದು ಲೆಕ್ಕದಿಂದ ಹೊರಗಲ್ಲ, ಕಡಿದ ಜಾಗದಲ್ಲಿ ಕಾಡು ಎಷ್ಟು ವಾಪಸ್ ಬಂತು ಅನ್ನುವುದರ ಮೇಲೆ ಇರುತ್ತದೆ.

ಪೆಟ್ರೋಲ್, ಕಲ್ಲಿದ್ದಲಿಗೆ ಈ ಅನುಮಾನವೇ ಬೇಡ. ಕೋಟಿಗಟ್ಟಲೆ ವರ್ಷ ನೆಲದಡಿ ಮಲಗಿದ್ದದ್ದು, ಮೇಲೆ ಬಂದರೆ ಪೂರಾ ಹೊಸ ಸಾಲ. ಕೈಗಾರಿಕೆಗಳಿಗೆ ಮೊದಲು ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ 280 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 280 ಪಾಲು) ಇದ್ದದ್ದು, 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಅಳೆಯಲು ಶುರು ಮಾಡಿದಾಗ 315ರ ಹತ್ತಿರ ಬಂದಿತ್ತು, ಈಗ 420 ದಾಟಿದೆ. ಬಿಸಿಲು ಒಳಗೆ ಬರಲು ಇದು ಅಡ್ಡಿ ಮಾಡುವುದಿಲ್ಲ, ಕಾದ ನೆಲದ ಬಿಸಿ ಹೊರಗೆ ಹೋಗುವಾಗ ಮಾತ್ರ ತಡೆದು ಹಿಡಿಯುತ್ತದೆ.

ಉಸಿರಾಟದ್ದು ಬರೆಯಬೇಡಿ. ಬರೆದವರನ್ನೂ ನೋಡಿದ್ದೇನೆ! ಉಂಡ ಅನ್ನದ ಇಂಗಾಲವೇ ವಾಪಸ್ ಹೋಗುವುದು, ಅಷ್ಟೇ.

ಅಂದಹಾಗೆ, ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಕಾರ್ಬನ್ ಡೈಆಕ್ಸೈಡ್ ಮೀಟರ್‌ಗೆ ದುಡ್ಡು ಹಾಕಬೇಡಿ. ನಾನು ಹಾಕಿ ಕಳೆದುಕೊಂಡೆ. ಪಕ್ಕದಲ್ಲಿ ಸ್ಯಾನಿಟೈಸರ್ ಬಾಟಲಿ ತೆರೆದರೆ ಅಂಕಿ ಸರ್ರನೆ ಏರುತ್ತಿತ್ತು. ಅದು ಬೇರೆ ಆವಿ ಮೂಸಿ ಅಂದಾಜು ಹೇಳುವ ಡಬ್ಬಿ. ನಿಜವಾದದ್ದೇ ಆದರೂ ಕೋಣೆಯ ಗಾಳಿ ಹೇಳುತ್ತದೆಯೇ ಹೊರತು ವರ್ಷದ ಲೆಕ್ಕ ಹೇಳುವುದಿಲ್ಲ.

ಓಡಾಟಕ್ಕೆ ಒಂದು ಉದಾಹರಣೆ ಸಾಕು. ಶಿವಮೊಗ್ಗದಿಂದ ಸಾಗರ ಸುಮಾರು 70 ಕಿಲೋಮೀಟರ್. ಲೀಟರಿಗೆ 15 ಕೊಡುವ ಕಾರಿನಲ್ಲಿ ಒಬ್ಬರೇ ಹೋದರೆ ಹತ್ತು ಕೆಜಿಯ ಮೇಲೆ. ನಲವತ್ತು ಜನ ತುಂಬಿದ ಬಸ್ಸಿನಲ್ಲಿ ಒಬ್ಬರ ಪಾಲು ಒಂದು ಕೆಜಿ ಆಸುಪಾಸು. ನಾನಂತೂ ಬಸ್ಸೇ ಅನ್ನುತ್ತೇನೆ, ಕಿಟಕಿ ಸೀಟು ಸಿಕ್ಕರೆ ಇನ್ನೂ ಒಳ್ಳೆಯದು.

ಕೊನೆಗೆ ಸಿಮೆಂಟ್. ಇದಕ್ಕೆ ಸುಣ್ಣದ ಕಲ್ಲು ಕಾಯಿಸಿದಾಗ ಕಲ್ಲಿನೊಳಗಿಂದಲೇ ಅನಿಲ ಹೊರಡುತ್ತದೆ, ಕಾಯಿಸಲು ಸುಟ್ಟ ಇಂಧನದ್ದು ಅದರ ಮೇಲೆ. 50 ಕೆಜಿ ಚೀಲಕ್ಕೆ ಸುಮಾರು 30 ಕೆಜಿ ಇಟ್ಟುಕೊಳ್ಳಿ. ಈ ವರ್ಷ ಮನೆ ಕಟ್ಟಿಸಿದವರು ಇದನ್ನು ಬೇರೆ ಪುಟದಲ್ಲೇ ಬರೆಯಿರಿ. 500 ಚೀಲ ಅಂದರೆ 15 ಟನ್, ಅದನ್ನು ಇದೇ ಪುಟದಲ್ಲಿ ಕೂಡಿಸಿದರೆ ಗ್ಯಾಸು, ಕರೆಂಟು, ಕಾರು ಯಾವುದೂ ಲೆಕ್ಕಕ್ಕೇ ಬರುವುದಿಲ್ಲ.